ಲಿಬರ್ಟೇರಿಯನ್ನರಿಗೆ ಕೋರ್ಟಿನ ವಾರಂಟ್ ಕೂಡ ಸಾಲದೇ? (ಎನ್‌ಕ್ರಿಪ್ಶನ್ ಬಗ್ಗೆ)

ಧಾರವಾಡದ ಕರಿಕೋಟು ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ಕಾನೂನು ಓದಾಕತ್ತೀನಿ, ಕಡೇ ವರ್ಷ. ಮುಂದಿನ ಶನಿವಾರ ಕಾಲೇಜಿನಾಗ ಚರ್ಚಾಸ್ಪರ್ಧೆ ಐತಿ. ಎನ್‌ಕ್ರಿಪ್ಟ್ ಆದ, ಅಂದ್ರ ಕೀಲಿ ಇದ್ದವರು ಬಿಟ್ಟು ಯಾರಿಗೂ ಓದಾಕ ಬರದಂಗ ಗುಪ್ತಲಿಪಿ ಮಾಡಿದ ಸಂದೇಶ ಓದೋ ದಾರಿ ಸರ್ಕಾರಕ್ಕ ಇರಬೇಕೋ ಬ್ಯಾಡೋ ಅನ್ನೋದು ವಿಷಯ. ಚೀಟಿ ಎತ್ತಿದಾಗ ನನಗ ಬಂದದ್ದು ಲಿಬರ್ಟೇರಿಯನ್ನರ ಪಾತ್ರ, ಅಂದ್ರ ಮನಷ್ಯಾನ ಸ್ವಾತಂತ್ರ್ಯ ದೊಡ್ಡದು, ಸರ್ಕಾರದ ಕೈ ಆದಷ್ಟು ಸಣ್ಣದಿರಬೇಕು ಅನ್ನಾವ್ರು. ನಮ್ಮ ಸರ್ ಅದನ್ನ ‘ಸ್ವೇಚ್ಛಾವಾದಿಗಳು’ ಅಂತ ಕನ್ನಡ ಮಾಡ್ಯಾರ. ಆ ಹೆಸರು ಕೂಗಿದ್ರನ ಅರ್ಧ ಸೋತಂಗ ಆಗತೈತಿ.

ನನ್ನ ತೊಡಕು ಇಷ್ಟರಿ. ಸರ್ಕಾರ ಸುಮ್‌ಸುಮ್ಮನ ಇಣುಕಬಾರದು ಅಂದ್ರ ಯಾರರ ಒಪ್ಪತಾರ. ಆದ್ರ ಮನಿ ಶೋಧ ಮಾಡಾಕ ವಾರಂಟ್ ತಂದ್ರ ಈ ಮಂದೀನೂ ಬಾಗಲಾ ತೆಗೀತಾರ. ಮೊಬೈಲ್ ಅಂದಕೂಡ್ಲೆ ವಾರಂಟ್ ಇದ್ರೂ ಆಗಂಗಿಲ್ಲ ಅಂತಾರ. ಇದು ಸಿದ್ಧಾಂತೋ, ಬರೇ ಹಠೋ? ಎದುರಾಳಿ ಇದನ್ನ ಕೇಳೇ ಕೇಳ್ತಾನ, ನನ್ನ ಹತ್ರ ಉತ್ತರ ಇಲ್ಲ.

ಸನಿವೇಲ್ ಶೆಟ್ಟಿ:

ಹಠವೂ ಅಲ್ಲ, ಸಿದ್ಧಾಂತವೂ ಅಲ್ಲ ಮಾರಾಯ, ಗಣಿತ. ಒಳ್ಳೆಯವರಿಗೆ ಮಾತ್ರ ತೆರೆಯುವ ಕೀಲಿಯನ್ನು ಯಾರೂ ಮಾಡಿಲ್ಲ. ಕುಂದಾಪುರದವ ನಾನು, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷದಿಂದ ಇದೇ ಕೀಲಿಗಳ ಕೆಲಸ.

ನಿನ್ನ ವಾರಂಟ್ ಐಡಿಯಾವನ್ನು ಅಮೆರಿಕ ಒಮ್ಮೆ ಮಾಡಿಯೇ ನೋಡಿದೆ. 1993ರ ಏಪ್ರಿಲ್‌ನಲ್ಲಿ ಕ್ಲಿಂಟನ್ ಸರ್ಕಾರ ಕ್ಲಿಪ್ಪರ್ ಚಿಪ್ ತಂದಿತು. ಫೋನಿನೊಳಗೆ ಕೂರುವ ಚಿಪ್. ಪ್ರತಿ ಚಿಪ್ಪಿನ ಕೀಲಿಯನ್ನು ಎರಡು ತುಂಡು ಮಾಡಿ ಎರಡು ಸರ್ಕಾರಿ ಸಂಸ್ಥೆಗಳ ಹತ್ತಿರ ಇಡುವುದು, ಕೋರ್ಟಿನ ಅಪ್ಪಣೆ ಬಂದಾಗ ಜೋಡಿಸುವುದು. ಕಾಗದದ ಮೇಲೆ ಚಂದವೇ ಇತ್ತು. ಮರುವರ್ಷ ಬೆಲ್ ಲ್ಯಾಬ್ಸ್‌ನ ಮ್ಯಾಟ್ ಬ್ಲೇಜ್ ಅದನ್ನು ಬಿಚ್ಚಿ ನೋಡಿದರೆ, ಸರ್ಕಾರಕ್ಕೆ ಚಿಪ್ಪಿನ ಗುರುತು ಹೇಳುವ ಭಾಗವನ್ನು ಕಾಯುತ್ತಿದ್ದದ್ದು ಬರೀ 16 ಬಿಟ್‌ನ ತಾಳೆಸಂಖ್ಯೆ. ಅಂದರೆ 65,536 ಸಾಧ್ಯತೆ. ಸುಳ್ಳು ಗುರುತು ಹುಡುಕಿ ಹಾಕಿದರೆ ಚಿಪ್ ಕೆಲಸ ಮಾಡುತ್ತದೆ, ಸರ್ಕಾರದ ಕೀಲಿ ಮಾತ್ರ ಕೆಲಸಕ್ಕೆ ಬಾರದು. ಕೆಲವೇ ವರ್ಷದಲ್ಲಿ ಯೋಜನೆ ಮೂಲೆ ಸೇರಿತು. ಚರ್ಚೆಯಲ್ಲಿ ಇಷ್ಟು ಹೇಳಿ ಕೂತುಕೋ, ಸಾಕು.

ಹಳೇ ಎಂಡಿಎಫ್:

ಶೆಟ್ಟರೇ, ಗಣಿತ ಸರಿ. ಆದರೆ ನಾಳೆ ಯಾರೋ ಪುಣ್ಯಾತ್ಮ 16 ಬಿಟ್ ಬದಲು ಗಟ್ಟಿ ಚಿಪ್ಪನ್ನೇ ಮಾಡಿಬಿಟ್ಟರೆ ಈ ಹುಡುಗ ವೇದಿಕೆ ಇಳಿದು ಮನೆಗೆ ಹೋಗಬೇಕೇ? ಅವನು ಕೇಳಿದ್ದು ಬೇರೆ. ಆ ಚಿಪ್ ಕೆಲಸ ಮಾಡಿದರೂ ಲಿಬರ್ಟೇರಿಯನ್ನರು ಯಾಕೆ ಬೇಡ ಎನ್ನುತ್ತಾರೆ ಎಂದು.

ತಮ್ಮಾ, ನಾನು ಲಿಬರ್ಟೇರಿಯನ್ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೆಂಟು ವರ್ಷ ಸರ್ಕಾರಿ ಸಂಬಳ ತಿಂದು ಈಗ ಪಿಂಚಣಿ ತಿನ್ನುತ್ತಿರುವವ, ಯೂನಿಯನ್ ಚಂದಾ ಒಂದು ತಿಂಗಳೂ ತಪ್ಪಿಸದವ. ಆ ಜನರ ಕೈಗೆ ಅಧಿಕಾರ ಸಿಕ್ಕಿದ್ದರೆ ಮೊದಲು ಹೋಗುತ್ತಿದ್ದದ್ದು ನನ್ನ ಕೆಲಸ. ಆದರೂ ಈ ಒಂದು ವಿಷಯದಲ್ಲಿ ಅವರು ಹೇಳುವುದು ನನಗೆ ಅರ್ಥವಾಗುತ್ತದೆ, ಯಾಕೆಂದರೆ ಕದ್ದು ಕೇಳುವ ತಂತಿಯನ್ನು ಈ ಕೈಯಲ್ಲೇ ಕಟ್ಟಿದ್ದೇನೆ.

ಎಂಡಿಎಫ್ ಅಂದರೆ ಮೈನ್ ಡಿಸ್ಟ್ರಿಬ್ಯೂಶನ್ ಫ್ರೇಮ್. ಊರಿನ ಪ್ರತಿ ಫೋನಿನ ಎರಡೆಳೆ ತಂತಿ ನೆಲದಡಿಯ ಕೇಬಲ್ಲಿನಲ್ಲಿ ಬಂದು ಒಂದು ದೊಡ್ಡ ಕಬ್ಬಿಣದ ಚೌಕಟ್ಟಿಗೆ ಬೀಳುತ್ತದೆ. ಅಲ್ಲಿಂದ ಜಂಪರ್ ತಂತಿ ಹಾಕಿ ಎಕ್ಸ್‌ಚೇಂಜಿಗೆ ಸೇರಿಸುತ್ತೇವೆ. ಯಾರದಾದರೂ ಮಾತು ಕೇಳಬೇಕೆಂದರೆ ಅವರ ತಂತಿ ಬೆಸೆದ ಟ್ಯಾಗಿನಿಂದಲೇ ಇನ್ನೊಂದು ಜೋಡಿ ಎಳೆದು ಬೇರೆ ಕೋಣೆಗೆ ಕೊಟ್ಟರಾಯಿತು. ನಮ್ಮ ಭಾಷೆಯಲ್ಲಿ ‘ಪ್ಯಾರಲಲ್ ಕೊಡುವುದು’. ಐದು ನಿಮಿಷದ ಕೆಲಸ.

ಎಂಬತ್ತರ ದಶಕ. ಮಲೆನಾಡಿನ ಒಂದು ಊರು, ಹೆಸರು ಬೇಡ. ಒಂದು ಸಂಜೆ ಬಾಯಿಮಾತಿನಲ್ಲಿ ಅಪ್ಪಣೆ ಬಂತು, ಇಂಥ ನಂಬರಿಗೆ ಪ್ಯಾರಲಲ್ ಕೊಡು ಅಂತ. ಕಾಗದ ಎಲ್ಲಿ ಅಂದೆ. ಬರುತ್ತದೆ ಅಂದರು. ಕೊಟ್ಟೆ. ಕೊಟ್ಟ ಮೇಲೆ ಲೈನ್ ಸರಿಯಿದೆಯೇ ಎಂದು ಕಿವಿ ಇಟ್ಟು ನೋಡಬೇಕಲ್ಲ, ಇಟ್ಟೆ. ಆ ಮನುಷ್ಯ ಮಂಡಿಯವರ ಹತ್ತಿರ ಅಡಿಕೆ ರೇಟಿಗೆ ಜಗಳ ಆಡುತ್ತಿದ್ದರು. ಆಮೇಲೆ ದನದ ಡಾಕ್ಟರಿಗೆ ಫೋನ್ ಮಾಡಿ, ಗಬ್ಬದ ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ ಅಂದರು. ಕಾಗದ ಬಂದದ್ದು ಹನ್ನೊಂದು ದಿನ ಬಿಟ್ಟು. ಅಷ್ಟರಲ್ಲಿ ನನಗೂ ಗೊತ್ತಾಗಿತ್ತು: ಅವರು ಮಾಡಿದ ಅಪರಾಧ ಏನೆಂದರೆ ಸಹಕಾರ ಸಂಘದ ಚುನಾವಣೆಗೆ ದೊಡ್ಡವರ ಎದುರು ನಿಂತದ್ದು.

ಇದು ನಮ್ಮೂರಿನ ಪುಟ್ಟ ಕಥೆ. ದೊಡ್ಡ ಕಥೆ ನಿನ್ನ ಪುಸ್ತಕದಲ್ಲೇ ಇದೆ. ಟೆಲಿಫೋನ್ ಕದ್ದಾಲಿಕೆಯ ಆರೋಪಕ್ಕೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 1885ರ ಟೆಲಿಗ್ರಾಫ್ ಕಾಯಿದೆಯ ಅಡಿಯಲ್ಲಿ ಯಾರು, ಹೇಗೆ, ಎಷ್ಟು ದಿನ ಕೇಳಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟ್ ಬೇಲಿ ಹಾಕಿದ್ದು 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಪ್ರಕರಣದಲ್ಲಿ. ಗೃಹ ಕಾರ್ಯದರ್ಶಿಯ ಸಹಿ, ಎರಡು ತಿಂಗಳ ಅವಧಿ, ಏನೇ ಆದರೂ ಆರು ತಿಂಗಳಿಗೆ ಮುಕ್ತಾಯ. ನೂರಾ ಹನ್ನೊಂದು ವರ್ಷ ಬೇಲಿಯಿಲ್ಲದ ತೋಟ!

ಈಗ ಗಮನಿಸು. ‘ವಾರಂಟ್ ಇದ್ದರೆ’ ಎಂದು ನೀನು ಬರೆದಿದ್ದೀಯ. ನಮ್ಮಲ್ಲಿ ಫೋನ್ ಕೇಳಲು ನ್ಯಾಯಾಧೀಶರ ವಾರಂಟ್ ಎಂಬುದೇ ಇಲ್ಲ, ಅಧಿಕಾರಿಯ ಸಹಿ ಅಷ್ಟೇ. ಕೇಂದ್ರದಿಂದಲೇ ತಿಂಗಳಿಗೆ 7,500ರಿಂದ 9,000 ಆದೇಶ ಹೊರಡುತ್ತವೆ ಎಂದು 2013ರಲ್ಲಿ ಮಾಹಿತಿ ಹಕ್ಕಿನ ಉತ್ತರದಲ್ಲಿ ಗೃಹ ಸಚಿವಾಲಯವೇ ಒಪ್ಪಿಕೊಂಡಿದೆ. ರಜೆ ಲೆಕ್ಕ ಬಿಟ್ಟರೂ ದಿನಕ್ಕೆ 250ರ ಮೇಲಾಯಿತು. ಪಡಿತರ ಚೀಟಿಗೆ ಸೀಲ್ ಒತ್ತುವವರೂ ಅಷ್ಟು ಓದಿ ಒತ್ತುವುದಿಲ್ಲ.

ಇನ್ನು ಸಿದ್ಧಾಂತ. ಅವರೆಲ್ಲ ಒಂದೇ ಎಂದು ಹೇಳಬೇಡ, ಎದುರಾಳಿ ಅಲ್ಲೇ ಹಿಡಿಯುತ್ತಾನೆ. ಒಂದು ಗುಂಪಿಗೆ ಸರ್ಕಾರ ಎಂಬುದೇ ಬೇಡ. ಅವರ ಮಟ್ಟಿಗೆ ಎನ್‌ಕ್ರಿಪ್ಶನ್ ಅಂದರೆ ರಾಜ್ಯವನ್ನು ಹೊರಗಿಡುವ ಕೋಟೆಗೋಡೆ. ಇನ್ನೊಂದು ಗುಂಪಿಗೆ ಪೊಲೀಸು, ಕೋರ್ಟು, ಗಡಿ ಕಾಯುವ ಸೈನ್ಯ ಬೇಕು, ಉಳಿದದ್ದು ಬೇಡ. ಈ ಎರಡನೆಯವರೊಳಗೂ ಜಗಳವಿದೆ. ಅಮೆರಿಕ ಸರ್ಕಾರ ಜನರ ಫೋನ್ ದಾಖಲೆಗಳನ್ನು ಕದ್ದು ಸಂಗ್ರಹಿಸುತ್ತಿದೆ ಎಂದು 2013ರಲ್ಲಿ ಸ್ನೋಡೆನ್ ಗುಟ್ಟು ಬಿಚ್ಚಿದಾಗ, ಲಿಬರ್ಟೇರಿಯನ್ನರದೇ ಸಂಸ್ಥೆಯಾದ ಕೇಟೋ ಇನ್‌ಸ್ಟಿಟ್ಯೂಟಿನ ರೋಜರ್ ಪಿಲನ್ ಮತ್ತು ಕಾನೂನು ಪಂಡಿತ ರಿಚರ್ಡ್ ಎಪ್‌ಸ್ಟೀನ್ ಸೇರಿ, ಫೋನ್ ದಾಖಲೆ ಸಂಗ್ರಹಿಸುವುದು ತಪ್ಪಲ್ಲ ಎಂದು ಪತ್ರಿಕೆಗೆ ಬರೆದರು. ಅದೇ ಕೇಟೋದ ಒಳಗಿನವರೇ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಜುಲೈಯಲ್ಲಿ ಅಮೆರಿಕದ ಸಂಸದ ಜಸ್ಟಿನ್ ಅಮಾಶ್ ಆ ಸಂಗ್ರಹಕ್ಕೆ ಹಣ ನಿಲ್ಲಿಸುವ ತಿದ್ದುಪಡಿ ತಂದರು. ಅದು 205ಕ್ಕೆ 217 ಮತದಿಂದ ಸೋತಿತು. ಪರವಾಗಿ ಮತ ಹಾಕಿದವರಲ್ಲಿ ರಿಪಬ್ಲಿಕನ್ನರಿಗಿಂತ ಡೆಮಾಕ್ರಟರೇ ಹೆಚ್ಚು. ಹಾಗಾಗಿ ಎಡ ಬಲ ಎಂದು ಗೆರೆ ಎಳೆಯಲು ಹೋಗಬೇಡ.

ನಿನ್ನ ಪ್ರಶ್ನೆಗೆ ಉತ್ತರ ಆ ಎರಡನೆಯ ಗುಂಪಿನ ಹತ್ತಿರ ಇದೆ. ವಾರಂಟಿಗೆ ಅವರ ತಕರಾರಿಲ್ಲ. ವಾರಂಟ್ ಏನು ಹೇಳುತ್ತದೆ? ಇಂಥವನ ಮನೆಯಲ್ಲಿ ಇಂಥದ್ದನ್ನು ಹುಡುಕಬಹುದು ಎಂದು. ಬೀಗ ಒಡೆಯುವುದಿದ್ದರೆ ಒಡೆದುಕೋ. ಆದರೆ ಬೀಗ ಮಾಡುವ ಆಚಾರಿಯ ಅಂಗಡಿಗೆ ಹೋಗಿ, ‘ನಾಳೆಯಿಂದ ನೀನು ಮಾರುವ ಪ್ರತಿ ಬೀಗವೂ ನನ್ನ ಕೀಲಿಗೂ ತೆರೆಯುವಂತಿರಬೇಕು’ ಎಂದು ಯಾವ ವಾರಂಟೂ ಹೇಳಿಲ್ಲ. ಮೊದಲನೆಯದು ಒಬ್ಬ ಆರೋಪಿಯ ಮೇಲೆ. ಎರಡನೆಯದು ಏನೂ ಮಾಡದ ಆಚಾರಿಯ ಮೇಲೆ, ಅವನ ಬೀಗ ಕೊಂಡ ಊರಿನ ಮೇಲೆ. ಅಮೆರಿಕದ ಸ್ಯಾನ್ ಬರ್ನಾರ್ಡಿನೋ ಊರಿನ ಪ್ರಕರಣದಲ್ಲಿ ಇದೇ ಆಯಿತು. 2015ರ ಡಿಸೆಂಬರ್‌ನಲ್ಲಿ 14 ಜನರನ್ನು ಕೊಂದವರಲ್ಲಿ ಒಬ್ಬನ ಐಫೋನ್ ಎಫ್‌ಬಿಐ ಕೈಯಲ್ಲೇ ಇತ್ತು, ಶೋಧಕ್ಕೆ ಅಡ್ಡಿ ಇರಲಿಲ್ಲ. 2016ರ ಫೆಬ್ರವರಿಯಲ್ಲಿ ಕೋರ್ಟು 1789ರ ಒಂದು ಕಾಯಿದೆ ತೆಗೆದು, ಬೀಗ ಸಡಿಲ ಮಾಡುವ ಹೊಸ ಸಾಫ್ಟ್‌ವೇರನ್ನು ಆ್ಯಪಲ್ ಬರೆದುಕೊಡಬೇಕು ಎಂದಿತು. ಲಿಬರ್ಟೇರಿಯನ್ನರಿಗೆ ಅದು ಬಿಟ್ಟಿ ಚಾಕರಿ. ಹಿಂದೆ ಸಾಹೇಬರ ಸವಾರಿ ಬಂದಾಗ ಊರಿನವರು ಗಾಡಿ, ಎತ್ತು, ಹುಲ್ಲು ಒದಗಿಸಬೇಕಿತ್ತಲ್ಲ, ಹಾಗೆ. ಮಾರ್ಚ್ ಕೊನೆಗೆ ಎಫ್‌ಬಿಐ ಬೇರೆಯವರಿಂದ ಫೋನ್ ತೆರೆಸಿಕೊಂಡು ಕೇಸು ಹಿಂತೆಗೆದುಕೊಂಡಿತು. ಬೀಗ ಒಡೆದುಕೊಂಡರು, ಆಚಾರಿ ಬೇಕಾಗಲಿಲ್ಲ.

ಇನ್ನೊಂದು ಮಾತು ನನ್ನದು, ಅವರ ಪುಸ್ತಕದಲ್ಲಿ ಇದೆಯೋ ಇಲ್ಲವೋ. ಸ್ವಿಚ್ಚುಗಳೇ ಕುಣಿದು ಕರೆ ಜೋಡಿಸುತ್ತಿದ್ದ ಹಳೇ ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ಹೆಣ್ಣುಮಕ್ಕಳಿಗೆ ಕಾಟ ಕೊಡುವ ಕರೆ ಎಲ್ಲಿಂದ ಬಂತು ಎಂದು ಹುಡುಕಬೇಕಾದರೆ, ಅವನು ಲೈನಿನಲ್ಲಿ ಇದ್ದಷ್ಟು ಹೊತ್ತಿನಲ್ಲಿ ಫೈನಲ್ ಸೆಲೆಕ್ಟರ್ ಎಂಬ ಕೊನೆಯ ಸ್ವಿಚ್ಚಿನಿಂದ ಹಿಂದಕ್ಕೆ ರ‍್ಯಾಕಿನಿಂದ ರ‍್ಯಾಕಿಗೆ ಓಡಬೇಕಿತ್ತು. ಟಕಟಕ ಎನ್ನುವ ಸಾವಿರ ಸ್ವಿಚ್ಚಿನ ನಡುವೆ ಒಂದನ್ನು ಹಿಡಿದು ಕೂಗಬೇಕು, ‘ಸಿಕ್ಕಿತು, ಬಿಡಬೇಡಿ!’ ಬೆವರು ಇಳಿಯುತ್ತಿತ್ತು. ಪ್ಯಾರಲಲ್ ಕೊಟ್ಟರೂ ಒಬ್ಬ ಮನುಷ್ಯ ಕಿವಿಗೆ ಹೆಡ್‌ಫೋನ್ ಹಾಕಿ ಕೂರಬೇಕು, ಅವನಿಗೆ ಊಟ, ನಿದ್ದೆ, ಓವರ್‌ಟೈಮ್ ಬೇಕು. ಊರಿನ ಎಲ್ಲರ ಮಾತು ಕೇಳಲು ಯಾವ ಸರ್ಕಾರಕ್ಕೂ ಆಳು ಸಾಲುತ್ತಿರಲಿಲ್ಲ. ಕಾನೂನು ಕಾಯದಿದ್ದ ಕಾಲದಲ್ಲಿ ನಮ್ಮ ಜನರನ್ನು ಕಾದದ್ದು ಆ ಆಳಿನ ಕೊರತೆ.

ಅದು ಹೋದದ್ದು ಹೇಗೆ? 1986ರಲ್ಲಿ ಕಿತ್ತೂರಿನಲ್ಲಿ, ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂತಾಗ ನಾವೆಲ್ಲ ಹೆಮ್ಮೆಪಟ್ಟೆವು, ಈಗಲೂ ಪಡುತ್ತೇನೆ. ಆದರೆ ಡಿಜಿಟಲ್ ಬಂದ ಮೇಲೆ ತಂತಿ ಎಳೆಯಬೇಕಿಲ್ಲ, ಕೀಬೋರ್ಡಿನಲ್ಲಿ ಒಂದು ಸಾಲು ಹೊಡೆದರೆ ಸಾಕು. ಹೊಡೆದವನು ನಮ್ಮವನೇ ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? 2004ರ ಒಲಿಂಪಿಕ್ಸ್ ಹೊತ್ತಿಗೆ ಅಥೆನ್ಸಿನಲ್ಲಿ, ವೊಡಾಫೋನ್ ಜಾಲದ ಎರಿಕ್ಸನ್ ಎಕ್ಸ್‌ಚೇಂಜುಗಳ ಒಳಗೆ ಕಾನೂನುಬದ್ಧ ಕದ್ದಾಲಿಕೆಗೆಂದೇ ಇಟ್ಟಿದ್ದ ಭಾಗವನ್ನು ಯಾರೋ ಗುಟ್ಟಾಗಿ ಎಬ್ಬಿಸಿದರು. ಪ್ರಧಾನಿ ಕೋಸ್ತಾಸ್ ಕರಮನ್‌ಲಿಸ್ ಸೇರಿ ನೂರಕ್ಕೂ ಹೆಚ್ಚು ಜನರ ಮಾತು ತಿಂಗಳುಗಟ್ಟಲೆ ಸೋರಿತು. ಸಿಕ್ಕಿಬಿದ್ದದ್ದು 2005ರ ಮಾರ್ಚಿನಲ್ಲಿ. ಸರ್ಕಾರಕ್ಕೆಂದು ಮಾಡಿದ ಕಿಂಡಿಯಲ್ಲಿ ಸರ್ಕಾರದ ಮುಖ್ಯಸ್ಥನದೇ ಗುಟ್ಟಿನ ಮಾತು!

ಠಾಣೆ ರೈಟರ್:

ಎಂಡಿಎಫ್ ಅಣ್ಣನವರ ಬರಹ ಓದಲು ಚೆನ್ನಾಗಿದೆ. ನಾನು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ಆರು ವರ್ಷ ಕೂತವನು, ಆ ಕಡೆಯಿಂದಲೂ ಸ್ವಲ್ಪ ಕೇಳಿ.

ಹುಡುಗಿಯೊಬ್ಬಳ ಫೋಟೋ ತಿದ್ದಿ ಹರಿಬಿಟ್ಟಿರುತ್ತಾರೆ. ಅಪ್ಪ ಅಮ್ಮ ಠಾಣೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಾರೆ. ಅದು ಮೂವತ್ತು ಗ್ರೂಪಿಗೆ ಹೋಗಿದೆ. ಮೊದಲು ಹಾಕಿದವನು ಯಾರು ಎಂದು ಕಂಪನಿಗೆ ಬರೆದರೆ, ನಮಗೆ ಕಾಣುವುದಿಲ್ಲ ಎಂಬ ಉತ್ತರ. ನಮಗೆ ಯಾರ ಅಡಿಕೆ ರೇಟೂ ಬೇಡ. 2021ರ ಐಟಿ ನಿಯಮ 4(2) ಕೇಳುವುದೂ ಇಷ್ಟೇ: 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಕಂಪನಿ, ಗಂಭೀರ ಅಪರಾಧದಲ್ಲಿ, ಆದೇಶ ಬಂದಾಗ, ಮೊದಲು ಕಳಿಸಿದವನ ಗುರುತು ಹೇಳಬೇಕು. ಒಳಗಿನ ಸಂದೇಶ ಕೊಡಬೇಕಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಸ್ವಾತಂತ್ರ್ಯದ ಮಾತಾಡುವವರು ಒಮ್ಮೆ ಆ ಬೆಂಚಿನ ಎದುರು ನಿಂತು ಮಾತಾಡಲಿ.

ಹಳೇ ಎಂಡಿಎಫ್:

ರೈಟರೇ, ಆ ಬೆಂಚನ್ನು ನಾನೂ ನೋಡಿದ್ದೇನೆ. ರ‍್ಯಾಕಿನ ಮಧ್ಯೆ ನಾನು ಓಡಿದ್ದು ಅಂಥ ಹುಡುಗಿಯರ ಸಲುವಾಗಿಯೇ. ಈ ಎದುರುವಾದಕ್ಕೆ ಲಿಬರ್ಟೇರಿಯನ್ನರ ಹತ್ತಿರ ಒಳ್ಳೆಯ ಉತ್ತರ ಇದೆ ಎಂದು ನಾನು ಹೇಳುವುದಿಲ್ಲ. ‘ಸ್ವಾತಂತ್ರ್ಯಕ್ಕೆ ಬೆಲೆ ಇದೆ’ ಎನ್ನುತ್ತಾರೆ, ಬೆಲೆ ಕೊಡುವುದು ಬೆಂಚಿನ ಮೇಲೆ ಕೂತವರು.

ಆದರೆ ಆ ನಿಯಮದ ಕೆಳಗಿನ ಷರಾವನ್ನೂ ಓದಿ. ಮೊದಲು ಕಳಿಸಿದವನು ದೇಶದ ಹೊರಗಿದ್ದರೆ, ದೇಶದೊಳಗೆ ಮೊದಲು ಕಳಿಸಿದವರನ್ನೇ ‘ಮೊದಲಿಗ’ ಎಂದು ಎಣಿಸಬೇಕು. ದುಬೈಯಲ್ಲಿ ಕೂತವನೊಬ್ಬ ಆ ಫೋಟೋವನ್ನು ಹುಡುಗಿಯ ಚಿಕ್ಕಮ್ಮನಿಗೆ ಕಳಿಸುತ್ತಾನೆ. ಆಕೆ ಗಾಬರಿಯಾಗಿ ಅಕ್ಕನಿಗೆ ಕಳಿಸುತ್ತಾಳೆ, ‘ನೋಡೇ, ಏನಿದು’ ಅಂತ. ನಿಮ್ಮ ಕಾಗದದಲ್ಲಿ ಬರುವ ಹೆಸರು ಚಿಕ್ಕಮ್ಮನದು. ಇನ್ನೊಬ್ಬ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಅದು ಹೊಸ ಸಂದೇಶ, ಅವನೇ ಹೊಸ ಮೊದಲಿಗ.

ಮತ್ತೆ ನನ್ನ ಓಟ ಕರೆ ಬಂದ ಮೇಲೆ ಶುರುವಾಗುತ್ತಿತ್ತು. ಮೊದಲಿಗನನ್ನು ಎಂದೋ ಒಂದು ದಿನ ಹೇಳಬೇಕೆಂದರೆ ಕಂಪನಿ ಇವತ್ತೇ ಎಲ್ಲರ ಎಲ್ಲ ಸಂದೇಶಕ್ಕೂ ಗುರುತು ಹಚ್ಚಿ ಇಡಬೇಕು. ಊರಲ್ಲಿ ಮುಂದೊಂದು ದಿನ ಕಳ್ಳತನ ಆದೀತು ಎಂದು ಎಲ್ಲರ ಹೆಜ್ಜೆಗುರುತನ್ನು ದಿನಾ ಅಚ್ಚು ತೆಗೆದು ಇಟ್ಟ ಹಾಗೆ. ಇದಕ್ಕೇ ವಾಟ್ಸ್‌ಆ್ಯಪ್ 2021ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು. ಎನ್‌ಕ್ರಿಪ್ಶನ್ ಮುರಿಯಲೇಬೇಕು ಎಂದರೆ ದೇಶ ಬಿಡುತ್ತೇವೆ ಎಂದು ಅವರ ವಕೀಲರು 2024ರ ಏಪ್ರಿಲ್‌ನಲ್ಲಿ ಅಲ್ಲೇ ಹೇಳಿದರು.

ಹಾಗೆಂದು ಕಂಪನಿಗೆ ಹಾರ ಹಾಕಲು ನಾನು ತಯಾರಿಲ್ಲ. ನನಗೂ ಲಿಬರ್ಟೇರಿಯನ್ನರಿಗೂ ದಾರಿ ಬೇರೆಯಾಗುವುದು ಇಲ್ಲೇ. ಸರ್ಕಾರದ ಕೈಯಲ್ಲಿ ಕೀಲಿ ಎಂದರೆ ಬೆಚ್ಚಿಬೀಳುತ್ತಾರೆ. ಯಾರು ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದರು ಎಂಬ ಪಟ್ಟಿ ಕಂಪನಿಯ ಜೇಬಿನಲ್ಲಿದ್ದರೆ, ‘ಗ್ರಾಹಕ ಒಪ್ಪಿ ಒತ್ತಿದ್ದಾನಲ್ಲ’ ಎನ್ನುತ್ತಾರೆ. ಆ ಒಪ್ಪಿಗೆಯ ಕಾಗದವನ್ನು ಓದಿ ಒತ್ತಿದ ಒಬ್ಬನನ್ನು ತೋರಿಸಲಿ, ಅವನಿಗೆ ನಾನೇ ಮಿರ್ಚಿ ಮಂಡಕ್ಕಿ ಕೊಡಿಸುತ್ತೇನೆ.

ಸನಿವೇಲ್ ಶೆಟ್ಟಿ:

ಅಥೆನ್ಸಿನದು ಹಳೆಯ ಕಥೆ ಎಂದು ಎದುರಾಳಿ ತಳ್ಳಿಹಾಕಿದರೆ ಇದನ್ನು ಹೇಳು. 1994ರ ಕಾಯಿದೆಯೊಂದರಿಂದ ಅಮೆರಿಕದ ಫೋನ್ ಕಂಪನಿಗಳೆಲ್ಲ ಪೊಲೀಸರಿಗೆಂದು ಕದ್ದಾಲಿಕೆಯ ಕಿಂಡಿ ಇಡಲೇಬೇಕು. 2024ರಲ್ಲಿ ಚೀನಾದ ಹ್ಯಾಕರುಗಳು, ‘ಸಾಲ್ಟ್ ಟೈಫೂನ್’ ಎಂದು ಹೆಸರಿಟ್ಟಿದ್ದಾರೆ, ಆ ಕಂಪನಿಗಳೊಳಗೆ ನುಗ್ಗಿ ಇದೇ ವ್ಯವಸ್ಥೆಗೂ ಕೈಹಾಕಿದರು. ಡಿಸೆಂಬರ್ ಹೊತ್ತಿಗೆ ಅಮೆರಿಕದ ಸೈಬರ್ ಭದ್ರತೆಯ ಅಧಿಕಾರಿಗಳೇ ಜನರಿಗೆ ಹೇಳತೊಡಗಿದರು: ಎನ್‌ಕ್ರಿಪ್ಟ್ ಆದ ಆ್ಯಪ್ ಬಳಸಿ. ಮೂವತ್ತು ವರ್ಷ ಬೇಡ ಬೇಡ ಎಂದ ಬಾಯಿ!

(ಎಂಡಿಎಫ್ ಮಾಮ, ಗಟ್ಟಿ ಚಿಪ್ ಬಂದರೆ ಏನು ಎಂದು ಕೇಳಿದಿರಲ್ಲ. ನಿನ್ನೆಯಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಬರೀ ಗಣಿತ ಎಂದದ್ದು ಅವಸರವಾಯಿತು.)

ಧಾರವಾಡದ ಕರಿಕೋಟು:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಆಚಾರಿ ಮಾತು ಇಟಗೊಂಡೇನಿ. ನಾನೂ ಲೈಬ್ರರಿಯಾಗ ಒಂದಿಷ್ಟು ತೆಗದೆ. 1947ರ ಏಪ್ರಿಲ್ 30ಕ್ಕ ಸಂವಿಧಾನ ಸಭಾದಾಗ ಪತ್ರವ್ಯವಹಾರದ ಗೋಪ್ಯತಾ ಮೂಲಭೂತ ಹಕ್ಕಾಗಬೇಕು ಅಂತ ತಿದ್ದುಪಡಿ ತಂದಾಂವ ಸೋಮನಾಥ ಲಾಹಿರಿ. ಕಮ್ಯುನಿಸ್ಟ್ ಪಕ್ಷದಾಂವ! ಶೋಧಕ್ಕೆಲ್ಲಾ ಕೋರ್ಟಿನ ವಾರಂಟ್ ಬೇಕಂದ್ರ ಪೊಲೀಸರ ತನಿಖಾಕ್ಕ ಪೆಟ್ಟು ಬೀಳತೈತಿ ಅಂತ ಟಿಪ್ಪಣಿ ಬರದಾವ್ರು ಆ ಸಭಾದ ಸಲಹೆಗಾರ, ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು. ಆ ಹಕ್ಕು ಅವತ್ತ ಬಿದ್ದುಹೋತು. ಮತ್ತ ಎದ್ದದ್ದು 2017ರ ಆಗಸ್ಟ್ 24ಕ್ಕ, ಗೋಪ್ಯತಾ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನಾಗ. ಅರ್ಜಿ ಹಾಕಿದಾಂವ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಇದನ್ನ ಕಡೀಕ ಇಟಗೊಂಡೇನಿ, ಸರ್‌ಗೆ ಕಮ್ಯುನಿಸ್ಟ್ ಅಂದ್ರ ಭಾಳ ಪ್ರೀತಿ.

ಎಂಡಿಎಫ್ ಕಾಕಾ, ಒಂದ ಮಾತು ಕೇಳಲ್ಯಾ? ಚರ್ಚೆಗಲ್ಲ, ನನಗ. ಆ ಅಡಿಕಿ ಮನಷ್ಯಾಗ ನೀವು ಆಮ್ಯಾಲರ ಹೇಳಿದ್ರ್ಯಾ?

ಹಳೇ ಎಂಡಿಎಫ್:

ಇಲ್ಲ. ಕಾಗದ ಬಂದ ಮೇಲೆ ಇನ್ನೂ ಒಂದು ತಿಂಗಳು ಆ ಜಂಪರ್ ಅಲ್ಲೇ ಇತ್ತು. ಬಿಚ್ಚು ಎಂದು ಯಾರೂ ಹೇಳಲಿಲ್ಲ, ಮಳೆಗಾಲದಲ್ಲಿ ಕೇಬಲ್ ಕೆಟ್ಟಾಗ ನಾನೇ ಬಿಚ್ಚಿದೆ. ಆಮೇಲೆ ಅವರ ಮನೆ ಲೈನ್ ಸತ್ತಾಗ ಎರಡು ಸಲ ರಿಪೇರಿಗೆ ಹೋಗಿದ್ದೆ. ಎರಡೂ ಸಲ ಕೂರಿಸಿ ಕಾಫಿ ಕೊಟ್ಟರು. ಹಸು ಹೇಗಿದೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಶನಿವಾರ ಏನಾಯಿತು ಬರೆ.